ಚಹಾಪುಡಿಯ ಬೀಡಿ

'ಔದ್ಯೋಗಿಕ ಚಿಕಿತ್ಸೆ' ಎಂಬ ಬೋರ್ಡು ಓದಿ
ಮೊನ್ನೆ ಒಬ್ಬ ಹುಡುಗ ಮಾರ್ಕ್ಸ್ ಕಾರ್ಡು ಹಿಡಿದು ಬಂದಿದ್ದ:
ಕೆಲಸ ಖಾಲಿ ಉಂಟಾ ಮೇಡಂ?
ಸೇರಿ ಎಂಟು ತಿಂಗಳಾಯಿತು, ನನಗೂ ಸರಿಯಾಗಿ ಗೊತ್ತಿಲ್ಲ.
ವಾರ್ಡಿನವರಿಗೆ ನಾನು ಫಿಸಿಯೋ,
ಫಿಸಿಯೋದವರಿಗೆ ಪಕ್ಕದ ಕೋಣೆಯ ಆಟಿಕೆಯವಳು,
ಬೋಂದೆಲಿನ ಮನೆಯಲ್ಲಿ ಮಾಂಯ್ ನೆರೆಯವರಿಗೆ ಹೇಳುವುದು:
ನರ್ಸ್ ಅಲ್ಲ, ಹಾಗೆಯೇ ಏನೋ ಒಂದು.

ಸೇಸಮ್ಮ ಬಂದದ್ದು ತೊಕ್ಕೊಟ್ಟಿನ ಬಸ್ಸಿನಲ್ಲಿ,
ಬಲಗೈಯನ್ನು ಎಡಗೈಯಲ್ಲಿ ಎತ್ತಿಕೊಂಡು,
ಯಾರದೋ ಮಗುವನ್ನು ಸ್ವಲ್ಪ ಹೊತ್ತು
ನೋಡಿಕೊಳ್ಳಲು ಒಪ್ಪಿದವರ ಹಾಗೆ.
ಮುಷ್ಟಿ ಬಿಡಿಸಲು ಆರು ನಿಮಿಷ ಹಿಡಿಯಿತು.
ಒಳಗೆ ಬೆವರು, ಪೌಡರಿನ ವಾಸನೆ,
ಹೆಬ್ಬೆರಳ ಉಗುರಿನಲ್ಲಿ ಇನ್ನೂ ಹೋಗದ ಕಂದು.

ಕೋನುಗಳನ್ನು ಮುಂದಿಟ್ಟೆ. ಒಂದರ ಮೇಲೊಂದು ಪೇರಿಸಿ ಎಂದೆ.
ಪೇರಿಸಿದ ಮೇಲೆ?
ಇಳಿಸಬೇಕು.
ಇಳಿಸಿದ ಮೇಲೆ?
ನಾನು ಕಾಲೇಜಿನಲ್ಲಿ ಕಲಿತದ್ದೆಲ್ಲ ಒಮ್ಮೆ ನೆನಪು ಮಾಡಿಕೊಂಡೆ.
ನಲವತ್ತೊಂದು ವರ್ಷ ಬೀಡಿ ಕಟ್ಟಿದ ಕೈ ಮಗಾ,
ಇಬ್ಬರು ಹುಡುಗಿಯರ ಮದುವೆ
ಈ ಉಗುರಿನ ತುದಿಯಲ್ಲೇ ಆದದ್ದು.
ಈ ಪ್ಲಾಸ್ಟಿಕ್ ಟೋಪಿ ಆಪುಜಿ.

ಫಾರಮಿನಲ್ಲಿ ಗುರಿ ಬರೆಯಲು ಒಂದೂವರೆ ಇಂಚು ಜಾಗ.
ಅಳೆಯಲು ಬರುವಂಥದ್ದು ಬರೆ ಎನ್ನುತ್ತಾರೆ ಶಶಿಪ್ರಭಾ ಮೇಡಂ.
ಬೀಡಿಯಷ್ಟು ಅಳತೆಯ ಪದಾರ್ಥ ಇನ್ನೇನುಂಟು?
ಇಪ್ಪತ್ತೈದಕ್ಕೆ ಒಂದು ಕಟ್ಟು, ನಲವತ್ತು ಕಟ್ಟಿಗೆ ಸಾವಿರ.
ಆದರೂ ಬರೆದದ್ದು: 'ಸ್ವತಃ ರವಿಕೆಯ ಗುಂಡಿ ಹಾಕುವುದು.'
ಅವರು ರವಿಕೆಗೆ ಹುಕ್ಕು ಹಾಕುವವರು. ಅದೂ ನನಗೆ ಆಮೇಲೆ ಗೊತ್ತಾಯಿತು.

ಮರುವಾರ ಟಿಫಿನ್ ಡಬ್ಬಿಯಲ್ಲಿ ನೆನೆಸಿದ ಎಲೆ ತಂದೆ,
ಅವರ ಸೊಸೆ ಕೊಟ್ಟ ಕತ್ತರಿ, ದಾರದ ಉಂಡೆ.
ಗೇಟಿನಲ್ಲಿ ಮೋನಪ್ಪಣ್ಣ ಮುಚ್ಚಳ ತೆರೆದು
ಒಮ್ಮೆ ನನ್ನನ್ನು ನೋಡಿದ,
ಒಮ್ಮೆ ಗೋಡೆಯ ಕಪ್ಪು ಶ್ವಾಸಕೋಶದ ಚಿತ್ರವನ್ನು.
ಹೊಗೆಸೊಪ್ಪಿಲ್ಲ ಅಣ್ಣ, ಚಹಾಪುಡಿ ಮಾತ್ರ,
ಕ್ಯಾಂಟೀನಿನ ಚರಟ, ಟೆರೇಸಿನಲ್ಲಿ ಒಣಗಿಸಿದ್ದು.

ತಡ್ಪೆ ಮಡಿಲಿಗೆ ಬಂದದ್ದೇ
ಸೇಸಮ್ಮನ ಬೆನ್ನು ತಾನಾಗಿ ನೆಟ್ಟಗಾಯಿತು.
ಮೂರು ವಾರದಿಂದ ನಾನು ಹೇಳಿಯೇ ಹೇಳುತ್ತಿದ್ದ ಬೆನ್ನು.

ಬಲಗೈ ಮೊದಲಿನಂತೆ ಸುತ್ತಲಾರದು.
ಈ ಮಾತನ್ನು ಬಸ್ಸಿನಲ್ಲಿ, ಕಿಟಕಿಯ ಗಾಜಿಗೆ,
ಕನ್ನಡದಲ್ಲೊಮ್ಮೆ ತುಳುವಿನಲ್ಲೊಮ್ಮೆ ಕಲಿತು ಬಂದಿದ್ದೆ.
ಹೇಳಿದ್ದು ಮಾತ್ರ ಅರ್ಧ:
ಅಮ್ಮ, ಈ ಕೈ ಇನ್ನು ಮುಂದೆ... ಹಿಡಿದುಕೊಳ್ಳುವ ಕೈ.
ಗೊತ್ತುಂಟು ಎಂದರು. ಎಲೆಯಿಂದ ಕಣ್ಣೆತ್ತಲಿಲ್ಲ.
ನೀನು ಬರುವ ಮೊದಲೇ ಗೊತ್ತುಂಟು.
ಆಮೇಲೆ ಮುಷ್ಟಿಯನ್ನು ಎಡಗೈಯಿಂದ ಎತ್ತಿ
ಎಲೆಯ ಅಂಚಿನ ಮೇಲೆ ಇಟ್ಟರು,
ಕಾಗದ ಹಾರದಂತೆ ಕಲ್ಲು ಇಡುವ ಹಾಗೆ.

ಎಡಗೈಗೆ ಏನೂ ಬರುತ್ತಿರಲಿಲ್ಲ. ನನ್ನ ಎರಡೂ ಕೈಗೆ ಬರುತ್ತಿರಲಿಲ್ಲ.
ಸುತ್ತಿದ್ದು ಬಿಚ್ಚಿತು, ಪುಡಿ ನೆಲಕ್ಕೆ, ದಾರ ಮೊಣಕಾಲಿಗೆ.
ಹಾಗಲ್ಲ ಮಗಾ, ಎಲೆಯ ನರ ಉದ್ದಕ್ಕೆ ಬರಬೇಕು,
ಬಾಯಿ ಮಡಚುವಾಗ ಉಸಿರು ಬಿಡಬೇಡ.
ಸಮಯ ಮುಗಿದು ಮುಂದಿನ ರೋಗಿ ಬಾಗಿಲಲ್ಲಿ ನಿಂತಿದ್ದ.

ಕೊನೆಗೆ ಒಂದು ಆಯಿತು.
ಹೊಟ್ಟೆ ದಪ್ಪ, ತುದಿ ಸೊಟ್ಟ,
ಬ್ರಾಂಚಿನಲ್ಲಾದರೆ ಕಣ್ಣು ಮುಚ್ಚಿ ಎಸೆಯುತ್ತಿದ್ದರು.
ಸೇಸಮ್ಮ ಅದನ್ನು ಮೂಗಿನ ಹತ್ತಿರ ತಂದು ಮೂಸಿ
ಹಾಲು ಸಕ್ಕರೆ ಸಾಲದು ಎಂದು
ಮುಖದ ಒಂದು ಬದಿಯಿಂದ ನಕ್ಕರು,
ಇನ್ನೊಂದು ಬದಿ ಸ್ವಲ್ಪ ತಡವಾಗಿ.

ಫೈಲಿನಲ್ಲಿ ಅದನ್ನು ಏನೆಂದು ಬರೆಯಲಿ?
ಒಂದೂವರೆ ಇಂಚಿನಲ್ಲಿ '೧' ಎಂದು ಬರೆದೆ.
ಮುಂದಿನ ಸಲ ಮೇಡಂ ಕೇಳುತ್ತಾರೆ, ಒಂದು ಏನು ಅಂತ.