ಮುಚ್ಚಳಗಳು

ಮಂಡ್ಯದ ರಾತ್ರಿ ಪಾಳಿ. ಎರಡರ ಡೋಸಿಗೆ ಇನ್ನೂ ಹೊತ್ತಿದೆ.
ಸಕ್ಕರೆ ಕಾರ್ಖಾನೆಯ ಕಾಕಂಬಿ ವಾಸನೆ
ಸೊಳ್ಳೆಪರದೆ ದಾಟಿ ಒಳಬಂದು
ಸ್ಪಿರಿಟ್ಟಿನ ಜೊತೆ ಜಗಳಕ್ಕೆ ನಿಂತಿದೆ.

ಹೆಬ್ಬೆರಳಲ್ಲಿ ಮೀಟಿದರೆ ಸಾಕು
ಟಕ್ಕೆಂದು ಹಾರುತ್ತದೆ ವಯಲಿನ ಮುಚ್ಚಳ.
ಮಗಳ ಅಳಗುಳಿಮಣೆಗೆಂದು
ಜೇಬಿಗಿಳಿಸುವ ಚಟ ನನಗೆ.
ಹುಣಸೆ ಬೀಜಕ್ಕಿಂತ ಇವೇ ಚೆಂದವಂತೆ.
ಮೊದಲೆಲ್ಲ ನೀಲಿಯೇ ನೀಲಿ,
ಎಲ್ಲೋ ಒಂದು ಕೆಂಪು ಸಿಕ್ಕರೆ
ರಾಣಿಯೆಂದು ಬೇರೆ ಎತ್ತಿಡುತ್ತಿದ್ದಳು.
ಮೊನ್ನೆ ಕೇಳಿದಳು:
"ಎಲ್ರೂ ರಾಣೀರೇ ಆದ್ರೆ ಆಟ ಹೆಂಗಮ್ಮ?"

ಏಳನೇ ಮಂಚದಲ್ಲಿ ಚಿಕ್ಕಬೋರಣ್ಣ,
ಆಲೆಮನೆಯ ಕೊಪ್ಪರಿಗೆ ಮಗುಚಿ ಕಾಲು ಬೆಂದವನು.
ಒಂಬತ್ತು ದಿನದಿಂದ ಅವನಿಗೆ ಕೆಂಪು.
ಕಲ್ಚರ್ ರಿಪೋರ್ಟು ಬಂದು ನಾಲ್ಕು ದಿನ,
ಎಕ್ಸ್‌ರೇ ಕವರಿನ ಹಿಂದೆ ಮಡಚಿಕೊಂಡು ಮಲಗಿತ್ತು:
ನೀಲಿ ಸಾಕು.

"ಬರ್ಯೋರು ಅವ್ರು, ಚುಚ್ಚೋರು ನಾವು.
ಮಧ್ಯದಲ್ಲಿ ಬಾಯಿ ಯಾಕೆ ಬೇಕು?"
ಬರುವ ತಿಂಗಳು ನಿವೃತ್ತಿಯಾಗುವ
ಪುಟ್ಟತಾಯಮ್ಮ ಸಿಸ್ಟರು ಹತ್ತಿಯುಂಡೆ ಸುತ್ತುತ್ತ ಅಂದರು.
ನಾನೂ ಅಂದವಳೇ, ಎಷ್ಟೋ ವರ್ಷ.
ಮನೆಯ ಸಾಸಿವೆ ಡಬ್ಬಿಯ ಪಕ್ಕ
ಅರ್ಧ ಮುಗಿದ ಮಾತ್ರೆ ಪಟ್ಟಿಗಳಿವೆ;
ಗಂಟಲು ಕೆರೆದರೆ ಎರಡು ನುಂಗುತ್ತೇನೆ,
ಮೂರನೆಯ ದಿನ ಮರೆಯುತ್ತೇನೆ.
ದಿನಕ್ಕೆ ಮೂರರಂತೆ ಈ ಚಾರ್ಟಿನಲ್ಲಿ
ಇರುವ ಸಹಿಗಳಲ್ಲಿ ನನ್ನವೂ ಇವೆ.

ಆದರೂ ಫೋನು ಮಾಡಿದೆ.
ಸಾರಿಗೆ ಉಪ್ಪು ಹಾಕಿದಿರಾ ಎಂದು
ಅತ್ತೆಯನ್ನು ಕೇಳುವ ದನಿಯಲ್ಲಿ:
"ಸರ್, ಏಳನೇ ಬೆಡ್ಡಿನ ರಿಪೋರ್ಟು ನೋಡಿದ್ರಾ?"
ಆ ಕಡೆ ಫ್ಯಾನು ತಿರುಗುವ ಸದ್ದು.
"ಓದಿ."
ಓದಿದೆ. ಕ್ರಿಮಿಯ ಹೆಸರಲ್ಲಿ ನಾಲಿಗೆ ಎಡವಿತು.
ಉಚ್ಚಾರಣೆ ತಿದ್ದಿದರು.
ಮತ್ತೆ ಫ್ಯಾನು.
"ನಿಲ್ಸಿ. ಬಂದು ಬರೀತೀನಿ."

ಹವಾಯಿ ಚಪ್ಪಲಿಯಲ್ಲೇ ಬಂದರು,
ಗೀಟು ಎಳೆದು, ಬರೆದು, ನನ್ನ ಮುಖ ನೋಡದೆ ಹೋದರು.

ಟ್ರೇಯಲ್ಲಿ ನೀಲಿ ಕಂಡದ್ದೇ
ನೆಲದ ಮೇಲೆ ಮಲಗಿದ್ದ ಅವನ ಹೆಂಡತಿ ಎದ್ದು ಕೂತಳು:
"ಯಾಕವ್ವ, ಬಡವರು ಅಂತ ಅಗ್ಗದ್ದ ಚುಚ್ತೀರಾ?"

ಉತ್ತರ ಗೊತ್ತಿತ್ತು.
ಅವಳಿಗೆ ಹೇಳುವ ಕನ್ನಡ ಮಾತ್ರ
ಆ ಹೊತ್ತಿಗೆ ಒದಗಲಿಲ್ಲ.
ಅವಳ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತೆ,
ಜೇಬಿನಿಂದ ಒಂದು ಕೆಂಪು ಮುಚ್ಚಳ ತೆಗೆದು
ಅವಳ ಅಂಗೈಲಿಟ್ಟೆ:
"ಇದು ಮುಗಿದೋದ್ರೆ, ತಾಯಿ,
ಆಮೇಲೆ ನನ್ನತ್ರ ಏನೂ ಇಲ್ಲ."