ನೀರು ನಿಲ್ಲಿಸಿದ ಮೂರನೇ ದಿನ

ಮುಳಬಾಗಿಲಿನಾಚೆ ನೆರಳುಬಲೆಯ ನರ್ಸರಿ,
ಕಪ್ಪು ಟ್ರೇಗಳಲ್ಲಿ ಇಪ್ಪತ್ತೈದು ದಿನದ ಟೊಮೆಟೊ ಸಸಿ.
ಪಿಳ್ಳಮ್ಮ ಮೊನ್ನೆಯೇ ಪೈಪು ಸುತ್ತಿ ಮೊಳೆಗೆ ಹಾಕಿದ್ದಾಳೆ.
ಎಲೆಗೆ ಕೈಯ ಹಿಂಬದಿ ತಾಗಿಸುತ್ತಾಳೆ,
ಮಗುವಿನ ಜ್ವರ ನೋಡುವ ಹಾಗೆ.
"ಒಸಿ ಬಾಡಲಿ. ಮೆತ್ತಗೆ ಬೆಳೆದದ್ದು ಹೊಲದಾಗೆ ನಿಂತ್ಕಳಲ್ಲ."

ನಾನು ಎಲೆ ಕತ್ತರಿಸಿ ಸಣ್ಣ ಕೊಳವೆಗೆ ತುಂಬಿ
ಐಸಿನಲ್ಲಿ ಹೂಳುತ್ತೇನೆ.
ಒಳಗೊಂದು ಪ್ರೋಟೀನು, ಹೆಸರಿಲ್ಲ, ನಂಬರು ಮಾತ್ರ,
ನೂಲೇಣಿಯ ಉದ್ದಕ್ಕೂ ತಡಕುತ್ತ ಹೋಗಿ
ತನಗೆ ಗೊತ್ತಿರುವ ನಾಲ್ಕಾರು ಅಕ್ಷರದ ಮೇಲೆ ಕೂತರೆ
ಮಡಿಸಿಟ್ಟ ಪಾಠ ಬಿಚ್ಚಿಕೊಳ್ಳುತ್ತದೆ:
ಎಲೆಯ ಬಾಗಿಲು ಮುಚ್ಚು, ಮೇಣ ಬಳಿ,
ಬೇರು ಇನ್ನೂ ಕೆಳಗಿಳಿಯಲಿ.

ಹೇಳಿದೆ. ಪಿಳ್ಳಮ್ಮ ಎಲೆಅಡಿಕೆಯನ್ನು ದವಡೆಗೆ ಸರಿಸಿ,
"ಆ ಪ್ರೋಟೀನಿಗೆ ಯಾರೇಳಿದ್ರು?"
ಒಂದು ಹಾರ್ಮೋನು, ಎಂದೆ.
"ಅದಕ್ಕೆ?"
ಬೇರು ಕಳಿಸಿದ ಸುದ್ದಿ. ದಾರಿಯಲ್ಲಿ ಎಷ್ಟು ಕೈ ಬದಲಾಯಿತೋ,
ನನಗೂ ಪೂರ್ತಿ ಗೊತ್ತಿಲ್ಲ.
"ಬೇರಿಗೆ?"

ಮೊಳೆಯ ಕಡೆ ನೋಡಿದೆ. ಅವಳೂ ತಿರುಗಿದಳು.
ಪೈಪಿನ ಬಾಯಲ್ಲಿ ಆಗಲೇ ಒಂದು ಜೇಡ ಮನೆ ಹೂಡಿತ್ತು.
"ಓ," ಅಂದಳು.
ತುಸು ಹೊತ್ತಿನ ಮೇಲೆ, ಯಾರಿಗೋ ಸಮಾಧಾನ ಹೇಳುವಂತೆ,
"ನಾಳೆ ಬೆಳಕರಿಯೋ ಮುಂಚೆ ಬಿಡ್ತೀನಿ."