ಲೈನಿನಲ್ಲೇ ಇರಿ

ಒಂದು ನಿಮಿಷದಲ್ಲಿ ಎಷ್ಟು ಪ್ರಾಣಿಗಳ ಹೆಸರು ಹೇಳುತ್ತೀರಿ
ಎಂದು ಕೇಳಿದಳು ರುಕ್ಸಾನಾ, ಜಿಲ್ಲಾಸ್ಪತ್ರೆಯ ಎರಡನೇ ಮಹಡಿಯಲ್ಲಿ.
ಏಳು ಹೇಳಿದೆ. ಅದರಲ್ಲಿ ನಾಯಿ ಎರಡು ಸಲ.
ಆನೆ ನೆನಪಾಗಲಿಲ್ಲ ನೋಡಿ,
ಹಿಂದಿನ ರಾತ್ರಿಯಷ್ಟೇ ಅಕ್ಕನ ತೋಟದ ಬೇಲಿ ಮುರಿದು
ಹಲಸು ತಿಂದು ಹೋಗಿದ್ದ ಆನೆ.

ಆಮೇಲೆ ಗಡಿಯಾರ ಬರೆಸಿದಳು.
ನನ್ನ ಗಡಿಯಾರದಲ್ಲಿ ಹನ್ನೊಂದು ಗಂಟೆಯೇ ಇರಲಿಲ್ಲ.

ನಾನು ಯಾರೆಂದು ಈ ಹುಡುಗಿಗೆ ಗೊತ್ತಿಲ್ಲ.
ಮಡಿಕೇರಿ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಹನ್ನೊಂದು ವರ್ಷ
ಕಿವಿಗೆ ಹೆಡ್‌ಸೆಟ್ಟು ಕಟ್ಟಿ ಕೂತವಳು.
ಇಡೀ ಪೇಟೆ ನನ್ನ ನಾಲಗೆಯ ಮೇಲಿತ್ತು:
ನೂರಾ ನಾಲ್ಕು ಮರದ ಡಿಪೋ,
ಇನ್ನೂರಾ ಹದಿನೇಳು ಹೆರಿಗೆ ವಾರ್ಡು,
ಮೂವತ್ತಾರು ಏಲಕ್ಕಿ ಮಂಡಿಯ ಮೊಯ್ದು ಸಾಹುಕಾರರು.
ಒಂದು ತೂತಿನಿಂದ ವಯರು ಕಿತ್ತು ಇನ್ನೊಂದಕ್ಕೆ ಚುಚ್ಚಿದರೆ
ಊರಿಗೆ ಊರೇ ಮಾತಾಡುತ್ತಿತ್ತು.

ಈಗ ವಯರುಗಳು ಜೋತು ಬಿದ್ದಿವೆ.
ಪಕ್ಕದ ಮನೆ ಸೊಸೆಯ ಹೆಸರಿಗೆ ಚುಚ್ಚಿದರೆ
ಬರೀ ಗೊರಗೊರ.

ರುಕ್ಸಾನಾ ಪ್ಲಾಸ್ಟಿಕ್ಕಿನ ತಲೆ ಬಿಚ್ಚಿ ತೋರಿಸಿದಳು.
ಕಿವಿಯಾಚೆ, ಒಳಗೆ, ಬಲಕ್ಕೊಂದು ಎಡಕ್ಕೊಂದು
ಕಡಲ್ಗುದುರೆಯ ಆಕಾರದ ಮಡಿಕೆ.
ಹೊಸ ನೆನಪು ಅಲ್ಲಿ ಕಣ್ಣು ಬಿಡುತ್ತದಂತೆ,
ವಯಸ್ಸಾದ ಹಾಗೆ ಕುದುರೆ ಸೊರಗುತ್ತದಂತೆ.
"ಮೇವೇನಮ್ಮಾ ಅದಕ್ಕೆ?"
"ನಿಮ್ಮ ಕಾಲು, ಅಜ್ಜಿ. ದಿನಾ ಮುಕ್ಕಾಲು ಗಂಟೆ.
ಮಾತಾಡಲಿಕ್ಕೆ ಆಗಬೇಕು, ಹಾಡಲಿಕ್ಕೆ ಆಗಬಾರದು,
ಅಷ್ಟು ಬಿರುಸು ಸಾಕು."
ಮಾತ್ರೆ ಬರೆದುಕೊಡು ಎಂದೆ. ನಕ್ಕಳು.
ಗುಡ್ಡವನ್ನೇ ಬರೆದುಕೊಟ್ಟಳು.

ಈ ಊರಲ್ಲಿ ಗಾಂಧಿ ಮೈದಾನ ಬಿಟ್ಟರೆ
ಎಲ್ಲ ಏರು, ಇಲ್ಲವೇ ಈಗಷ್ಟೇ ಇಳಿದ ಏರು.
ಮೊದಲ ವಾರ ಮಹದೇವಪೇಟೆಯ ತಿರುವಿಗೇ ಎದೆ ಡಬಡಬ,
ಯಾರದೋ ಗೇಟು ಹಿಡಿದು ನಿಂತು
ಡೇಲಿಯಾ ನೋಡುವವಳ ಹಾಗೆ ನಟಿಸಿದೆ.
ಮಂಜು ಒಳ್ಳೆಯದು, ಏದುಸಿರಿಗೆ ಪರದೆ.

ಮೂರನೇ ತಿಂಗಳಲ್ಲಿ ಒಂದು ಬೆಳಿಗ್ಗೆ
ಹಳೇ ಹೊಲಿಗೆ ಅಂಗಡಿಯ ಮುಂದೆ ಹೆಜ್ಜೆ ಹಾಕುತ್ತಿದ್ದಾಗ
ಕರೆಯದೆ, ಅಂಗಾಲಿನಿಂದ ಎದ್ದು ಬಂತು:
ನೂರಾ ಎಂಬತ್ತೆರಡು!
ಅಂಗಡಿಯಲ್ಲಿ ಈಗ ಮೊಬೈಲ್ ರಿಪೇರಿ. ನಂಬರು ಮಾತ್ರ ನನ್ನದೇ.
ಮುಂದಿನ ಮನೆ ಎಪ್ಪತ್ತೊಂದು.
ಅದರಾಚೆಯದು ಗೊರಗೊರ.
ಇರಲಿ. ನಾಳೆಯೂ ಇದೇ ದಾರಿ.

ಮೊನ್ನೆಯ ಪರೀಕ್ಷೆಯಲ್ಲಿ ಹನ್ನೆರಡು ಪ್ರಾಣಿ, ನಾಯಿ ಒಂದೇ ಸಲ.
ಆನೆಯನ್ನು ಮತ್ತೆ ಮರೆತೆ.

ಸುಬೇದಾರ್ ಕುಟ್ಟಯ್ಯನವರ ವಿಷಯ ಹೇಳಬೇಕು.
ನನಗಿಂತ ಮೊದಲಿನಿಂದ, ನನಗಿಂತ ಬಿರುಸಾಗಿ ನಡೆಯುವವರು.
ಎಂಬತ್ತೊಂದರಲ್ಲೂ ನೆಟ್ಟನೆ ಬೆನ್ನು.
ಆದರೂ ಅವರ ಕುದುರೆ ಸೊರಗುತ್ತಲೇ ಇದೆ.
ಇದು ಯಾವ ನ್ಯಾಯ ಎಂದು ಕೇಳಿದೆ.
ರುಕ್ಸಾನಾ ಅಳತೆಯ ಟೇಪು ಸುತ್ತುತ್ತ ಹೇಳಿದಳು,
"ನಡೆಯದಿದ್ದರೆ ಇನ್ನೂ ಬೇಗ ಆಗುತ್ತಿತ್ತೇನೋ ಅಜ್ಜಿ.
ಅಷ್ಟೇ ನನಗೆ ಗೊತ್ತಿರೋದು."
ಸುಳ್ಳು ಹೇಳದ ಹುಡುಗಿ.
ಅದಕ್ಕೇ ಅವಳ ಮಾತು ಕೇಳುತ್ತೇನೆ.

ಕೋಟೆಯ ಕೆಳಗಿನ ತಿರುವಿನಲ್ಲಿ ಅವರು ದಿನಾ ನಿಲ್ಲುತ್ತಾರೆ.
ಕೋಲು ನನ್ನತ್ತ ಚಾಚಿ ದಿನಾ ಅದೇ ಪ್ರಶ್ನೆ:
"ಜಬಲ್ಪುರದಿಂದ ಟ್ರಂಕ್ ಕಾಲ್ ಬುಕ್ ಮಾಡಿದ್ದೆ,
ಮಗು ಹುಟ್ಟಿತಾ ಅಂತ ಕೇಳಲಿಕ್ಕೆ.
ಕನೆಕ್ಟ್ ಮಾಡಿದ್ದು ನೀವೇ ಅಲ್ಲವಾ?"

ಅದು ನಾನಲ್ಲ. ಆ ವರ್ಷ ನಾನಿನ್ನೂ ಕಾಲೇಜಿನಲ್ಲಿದ್ದೆ.
ಮೊದಮೊದಲು ತಿದ್ದುತ್ತಿದ್ದೆ.
ಈಗ ಉಸಿರು ಸರಿಮಾಡಿಕೊಂಡು
ಆ ಹಳೇ ಕುರ್ಚಿಯ ದನಿ ತೆಗೆದು ಹೇಳುತ್ತೇನೆ:
ಇನ್ನೂರಾ ಹದಿನೇಳು, ಹೆರಿಗೆ ವಾರ್ಡು,
ರಿಂಗಾಗುತ್ತಾ ಇದೆ ಸಾರ್,
ನಡೀತಾ ಇರಿ,
ಲೈನಿನಲ್ಲೇ ಇರಿ.